ಜರಗನಹಳ್ಳಿಯಲ್ಲೊಬ್ಬಳು ತಂಗಿ ಮಗಳು

ನನಗೆ ತಂಗಿಯಿಲ್ಲ. ಆದರೂ ಜರಗನಹಳ್ಳಿಯಲ್ಲಿ ಬಾಡಿಗೆ ಕೋಣೆ ನೋಡಲು ಹೋದಾಗ ಓನರಮ್ಮ, "ಹುಡುಗಿ ಯಾರು ಮೇಡಂ?" ಎಂದು ಕೇಳಿದ ಕೂಡಲೇ "ತಂಗಿ ಮಗಳು" ಎಂದುಬಿಟ್ಟೆ.

ಕೆಲಸ ಕೊಡಿಸುತ್ತೇವೆಂದು ಊರಿನಿಂದ ಕರೆತಂದು ಯಾರದೋ ಮನೆಯಲ್ಲಿ ಕೂಡಿಹಾಕಿದ ಹುಡುಗಿಯರು ಬಿಡುಗಡೆಯಾದ ಮೇಲೆ, ಜಯನಗರದ ನಾವು ಆರೇಳು ಹೆಂಗಸರು ಅವರ ಬೆನ್ನಿಗೆ ನಿಲ್ಲುತ್ತೇವೆ. ಗುಂಪಿನ ಉಳಿದವರು ಪೊಲೀಸರ ಮುಂದೆ ಟೇಬಲ್ ಕುಟ್ಟಿ ಮಾತಾಡಬಲ್ಲರು. ನನಗೆ ಚೆನ್ನಾಗಿ ಬರುವುದು ಚಿಂತೆ ಮಾಡುವುದೊಂದೇ. ಹಾಗಾಗಿ ಮನೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಜರಗನಹಳ್ಳಿಗೆ ಬರುವ ಮೊದಲು ನಾಲ್ಕು ಮನೆಗಳಲ್ಲಿ ನಿಜ ಹೇಳಿದ್ದೆ. 'ಕೇಸು' ಎಂಬ ಮಾತು ಕಿವಿಗೆ ಬಿದ್ದೊಡನೆ ನಾಲ್ಕೂ ಕಡೆ ಖಾಲಿಯಿದ್ದ ಮನೆ ಭರ್ತಿಯಾಗಿಬಿಟ್ಟಿತ್ತು.

ಈ ಹುಡುಗಿ ರಾಯಚೂರು ಕಡೆಯವಳು. ಮುಂದಿನ ತಿಂಗಳು ಕೋರ್ಟಿನಲ್ಲಿ ಅವಳ ಸಾಕ್ಷಿಯಿತ್ತು. ಕೋಣೆ ತಪ್ಪಿದರೆ ಊರಿಗೆ ಹೋಗಬೇಕು. ಅವಳನ್ನು ಇಲ್ಲಿಗೆ ಸಾಗಿಸಿದ ಏಜೆಂಟ್ ಜಾಮೀನಿನ ಮೇಲೆ ಅದೇ ಊರಿನಲ್ಲಿದ್ದ.

ಮೂರು ವಾರ ನೆಮ್ಮದಿಯಾಗಿ ಕಳೆಯಿತು, ಅಂದರೆ ನನ್ನ ಮಟ್ಟಿಗಿನ ನೆಮ್ಮದಿ. ಒಂದು ಭಾನುವಾರ ಓನರಮ್ಮನ ಫೋನು: "ಸ್ವಲ್ಪ ಬಂದು ಹೋಗಿ ಮೇಡಂ." ಕನಕಪುರ ರಸ್ತೆಯ ಬಸ್ಸಿನಲ್ಲಿ ಕುಳಿತು ಗ್ಯಾಸ್ ಸೋರಿಕೆಯಿಂದ ಹಿಡಿದು ಏಜೆಂಟನ ಕಡೆಯವರ ದಾಳಿಯವರೆಗೆ ಎಲ್ಲವನ್ನೂ ಊಹಿಸಿದೆ. ಒಣಮೀನನ್ನು ಮಾತ್ರ ಊಹಿಸಿರಲಿಲ್ಲ.

"ನಿಮ್ಮ ತಂಗಿ ಮಗಳು ಒಣಮೀನು ಹುರೀತಾಳಲ್ಲ?" ಎಂದರು ಓನರಮ್ಮ. "ನಮಗೇನೂ ತೊಂದ್ರೆ ಇಲ್ಲ, ನಮ್ಮನೇಲೂ ಮಾಡ್ತೀವಿ. ಸಖತ್ತಾಗ್ ಮಾಡ್ತಾಳೆ, ಕೊಟ್ಲು, ತಿಂದೆ. ಆದ್ರೆ ನೀವು ನಮ್ಮನೇಲಿ ಕಾಫಿ ಕುಡಿಯೋಕೂ ಮುಂಚೆ 'ಇದು ಬೇರೆ ಪಾತ್ರೆನಾ' ಅಂತ ಕೇಳಿದೋರು."

ಕೇಳಿದ್ದು ನಿಜ. ನಾಚಿಕೆಯಾಯಿತು. ಆದರೂ ಬಿಡದೆ, "ನಮ್ಮ ತಂಗಿ ಲವ್ ಮ್ಯಾರೇಜು" ಎಂದು ಇಲ್ಲದ ತಂಗಿಗೆ ಮದುವೆಯನ್ನೂ ಮಾಡಿಸಿದೆ.

ಅಷ್ಟರಲ್ಲಿ ಹುಡುಗಿ ಕೋಣೆಯಿಂದ ಹೊರಗೆ ಬಂದಳು. "ಸಾಕ್ ಬಿಡ್ರಿ ಅಕ್ಕಾರ" ಎಂದು ನನ್ನನ್ನು ಸುಮ್ಮನಾಗಿಸಿ ಓನರಮ್ಮನ ಕಡೆ ತಿರುಗಿದಳು. "ನಾ ಇವ್ರ ತಂಗಿ ಮಗಳಲ್ರಿ. ಮನಿಗೆಲಸಕ್ಕಂತ ಕರ್ಕೊಂಡ್ ಬಂದು ಎರಡು ವರ್ಷ ಬೀಗ ಹಾಕಿ ಇಟ್ಟಿದ್ರು. ಕೇಸ್ ನಡದೈತಿ. ಸಾಕ್ಷಿ ಹೇಳಾಕಿ ನಾನ. ತಪ್ಪು ಮಾಡ್ದೋರು ಅವ್ರು, ನಾ ಯಾಕ್ ಮುಚ್ಚಿಡ್ಲಿ? ಇರು ಅಂದ್ರ ಇರ್ತೀನಿ, ಹೋಗು ಅಂದ್ರ ಈಗ ಹೇಳ್ರಿ."

ಓನರಮ್ಮ ಅವಳನ್ನಲ್ಲ, ನನ್ನನ್ನು ನೋಡಿದರು. "ಅವಳಿಗಿರೋ ಧೈರ್ಯ ನಿಮಗಿಲ್ವಲ್ಲ ಮೇಡಂ."

ಒಳಗಿನಿಂದ ಅವರ ಯಜಮಾನರು ಬಂದರು. "ಇರ್ಲಿ ಬಿಡಮ್ಮ, ಯಾರು ಬೇಡ ಅಂತಾರೆ? ಆದ್ರೆ ಹಿಂದಿನ ಮೆಟ್ಲಲ್ಲಿ ಓಡಾಡ್ಲಿ. ಬೀದಿಯೋರು ಕೇಳಿದ್ರೆ ಏನ್ ಹೇಳೋದು?"

ಸಿಕ್ಕಿದ್ದೇ ಪುಣ್ಯವೆಂದು ನಾನು ತಲೆಯಾಡಿಸಲಿದ್ದೆ. ಹುಡುಗಿ ಒಪ್ಪಲಿಲ್ಲ.

"ಅಲ್ಲೀನೂ ಹಿಂದಿನ ಬಾಗಿಲಾಗ ಕಸ ಚೆಲ್ಲಾಕಷ್ಟ ಬಿಡ್ತಿದ್ರು ಅಂಕಲ್. ನಾ ಮುಂದಿನ ಗೇಟಿಂದನ ಹೋಗಾಕಿ. ಅದರ ಕೀ ಒಂದು ನನ್ನ ಕಡೆ ಇರಬೇಕು."

ಯಜಮಾನರು ಹೆಂಡತಿಯನ್ನು ನೋಡಿದರು. "ನನ್ನ ಮುಖ ಏನ್ ನೋಡ್ತೀರಾ?" ಎಂದರು ಓನರಮ್ಮ. "ನಮ್ಮಪ್ಪ ನನಗೆ ಕೊಟ್ಟಿರೋ ಸೈಟು, ನನ್ನ ಹೆಸರಲ್ಲಿರೋ ಮನೆ. ಬೀದಿಯೋರು ಕೇಳಿದ್ರೆ ನನ್ನ ಹತ್ರ ಕಳ್ಸಿ."

ಆ ಮಧ್ಯಾಹ್ನವೇ ನಾವಿಬ್ಬರೂ ಮುಖ್ಯರಸ್ತೆಗೆ ಹೋಗಿ ಡೂಪ್ಲಿಕೇಟ್ ಕೀ ಮಾಡಿಸಿದೆವು. ಕೀ ಬೀಗಕ್ಕೆ ಸರಿಹೋಗದಿದ್ದರೆ ಏನು ಗತಿ ಎಂದು ನಾನು ದಾರಿಯುದ್ದಕ್ಕೂ ಕೊರಗುತ್ತಿದ್ದೆ. ಅವಳು ಗೇಟಿನ ಮುಂದೆ ನಿಂತು ಬೀಗ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಎದುರು ಮನೆಯವರು ಬಾಲ್ಕನಿಗೆ ಬಂದು ನೋಡತೊಡಗಿದರು. ಅವಳು ಅವಸರ ಮಾಡಲಿಲ್ಲ.