ಮಲ್ಲಕ್ಕನ ಟಗರು, ಬೀರೇಶನ ಪಾಸು

ಯಲ್ಲದಕೆರೆಯ ಬೀರೇಶ್ ಸಂಬಳಕ್ಕೆ ಬ್ಯಾಸ್ಕೆಟ್‌ಬಾಲ್ ಆಡಿದವನು. ಹೀಗೆಂದ ಕೂಡಲೇ ನೀವು ಆರೂವರೆ ಅಡಿಯ ಆಳನ್ನು ಊಹಿಸಿಕೊಳ್ಳುತ್ತೀರಿ. ದಯವಿಟ್ಟು ಅದರಲ್ಲಿ ಒಂದಡಿ ಇಳಿಸಿಕೊಳ್ಳಿ. ಅವನದು ಗಾರ್ಡ್ ಸ್ಥಾನ. ಚೆಂಡನ್ನು ಹಿಂದಿನಿಂದ ತಂದು, ಯಾರು ಖಾಲಿ ಇದ್ದಾರೆಂದು ನೋಡಿ, ಅವರ ಕೈಗೆ ತಲುಪಿಸುವುದು ಅವನ ಕೆಲಸ. ಬುಟ್ಟಿಗೆ ಹಾಕುವುದು ಉದ್ದನೆಯವರ ಕೆಲಸ, ಚಪ್ಪಾಳೆಯೂ ಅವರದೇ. ಬೀರೇಶನ ಪಾಲಿಗೆ ಬರುತ್ತಿದ್ದದ್ದು ಬೆವರು ಒರೆಸುವ ಟವೆಲು. ಅದನ್ನೂ ಅವನು ಮೊದಲು ಪಕ್ಕದವನಿಗೆ ಕೊಡುತ್ತಿದ್ದ.

ಆಟ ಕಲಿತದ್ದು ಚಿತ್ರದುರ್ಗದ ಹಾಸ್ಟೆಲಿನಲ್ಲಿ. ತಂಡಕ್ಕೆ ಐದನೆಯವನು ಸಿಗದೆ ಪಿ.ಟಿ. ಮೇಷ್ಟ್ರು ಶಿವಕುಮಾರಪ್ಪ ಇವನನ್ನು ಊಟದ ಸಾಲಿನಿಂದ ಎಳೆದುಕೊಂಡು ಹೋಗಿದ್ದರು. "ಮುಂದೆ ನುಗ್ಗಲೇ" ಎಂದು ಕೂಗಿ ಕೂಗಿ ಅವರ ಗಂಟಲು ಒಣಗಿತೇ ಹೊರತು ಇವನು ನುಗ್ಗಲಿಲ್ಲ. ಹೇಗೆ ನುಗ್ಗಿಯಾನು? ಕುರಿ ಹಿಂದೆ ಬೆಳೆದ ಹುಡುಗ. ಮಂದೆಯ ಹಿಂದೆ ನಡೆದರೆ ಯಾವುದು ಕುಂಟುತ್ತಿದೆ, ಯಾವುದು ಪಕ್ಕದ ಹೊಲಕ್ಕೆ ಬಾಯಿ ಹಾಕಲು ಹೊರಟಿದೆ, ಎಲ್ಲ ಕಾಣುತ್ತದೆ. ಅಂಕಣದಲ್ಲೂ ಹಾಗೆಯೇ ನಿಂತ. ಕುರಿ ತಿರುಗಿಸುವಂತೆಯೇ ಬಾಯಲ್ಲಿ "ಟುರ್ರ್" ಎಂದು ಸದ್ದು ಮಾಡಿ ಜೊತೆಯವರನ್ನು ತಿರುಗಿಸಿದ. ಮುಂದೆ ಕೇರಳದ, ಪಂಜಾಬದ ದೈತ್ಯರೂ ಆ ಸದ್ದಿಗೆ ಸರಿಯಾಗಿ ತಿರುಗಲು ಕಲಿತರು. ತಾವು ಕಲಿತದ್ದು ಯಾರ ಭಾಷೆ ಎಂಬುದು ಅವರಿಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗದಿರುವುದೇ ಒಳ್ಳೆಯದು.

ಕೊಯಮತ್ತೂರು, ಪುಣೆ, ಒಂದು ಸೀಸನ್ ಮಾಲ್ಡೀವ್ಸ್. ಅವನು ಸೇರಿದ ತಂಡಗಳಿಗೆ ಅದೇನೋ ಬಾಗಿಲು ಹಾಕುವ ಚಾಳಿ. ಇವನು ಚೀಲ ಹೆಗಲಿಗೇರಿಸಿ ಇನ್ನೊಂದು ಊರಿಗೆ ಹೋಗುತ್ತಿದ್ದ. ಒಮ್ಮೆ ಪೇಪರಿನಲ್ಲಿ ಫೋಟೊ ಬಂತು. ಅದರಲ್ಲಿ ಬೀರೇಶನ ಮೊಣಕೈ ಇತ್ತು. ದೊಡ್ಡಪ್ಪ ಗೋವಿಂದಪ್ಪ ಆ ಮೊಣಕೈಯನ್ನು ಹಿರಿಯೂರಿನ ಹೋಟೆಲು ಹೋಟೆಲಿಗೂ ತೋರಿಸಿ ಬಂದ.

ತಾಯಿ ಮಲ್ಲಕ್ಕ ಮಾತ್ರ ಮೊಣಕೈಗೆ ಮರುಳಾಗುವವಳಲ್ಲ. ಅವಳ ಮನೆಯಲ್ಲೊಂದು ರೂಢಿಯಿತ್ತು. ಸಂಜೆ ಕುರಿಗಳನ್ನೆಲ್ಲ ಮುಳ್ಳುಬೇಲಿಯ ರೊಪ್ಪಕ್ಕೆ ಸೇರಿಸಿ, ಬಾಗಿಲು ಹಾಕಿ, ಎಲ್ಲರಿಗಿಂತ ಕೊನೆಗೆ ಒಳಗೆ ಬಂದವನ ತಟ್ಟೆಗೆ ಮೊದಲ ಮುದ್ದೆ. ಗಂಡ ಇರುವವರೆಗೆ ಅದು ಗಂಡನದು, ಆಮೇಲೆ ಹಿರಿಮಗ ದುರುಗೇಶನದು. ರಜಕ್ಕೆ ಬಂದ ಬೀರೇಶನಿಗೆ ಎರಡನೆಯದು, ನೆಂಟರ ಲೆಕ್ಕದಲ್ಲಿ.

"ಅವ್ನು ದುಡೀತಾನೆ, ನೀನು ಆಡ್ತೀಯ" ಎನ್ನುತ್ತಿದ್ದಳು.

ಬೀರೇಶ್ ನಗುತ್ತಲೇ ಉಣ್ಣುತ್ತಿದ್ದ. ಆದರೆ ಆ ಮಾತು ಅವನನ್ನು ಚುಚ್ಚುತ್ತಿತ್ತು. ಕಪ್ಪು, ಪದಕ ಯಾವುದರ ಆಸೆಯೂ ಅವನಿಗಿರಲಿಲ್ಲ. ತಾನು ಮಾಡಿದ್ದೂ ದುಡಿಮೆಯೇ ಎಂದು ಅವ್ವ ಒಪ್ಪಬೇಕು, ಒಂದೇ ಒಂದು ಸಲ ಆ ಮೊದಲ ಮುದ್ದೆ ತನ್ನ ತಟ್ಟೆಗೆ ಬೀಳಬೇಕು. ಬಾಯಿಬಿಟ್ಟು ಕೇಳಿದರೆ ಹಾಕಿಯಾಳು, ಆದರೆ ಕೇಳಿ ಹಾಕಿಸಿಕೊಂಡದ್ದಕ್ಕೆ ರುಚಿಯೆಲ್ಲಿ?

ಈ ವರ್ಷ ಮಂಡಿ ಕೈಕೊಟ್ಟಿತು. ಬೀರೇಶ್ ಆಟ ಬಿಟ್ಟು ಊರಿಗೆ ಬಂದ. ಹಿರಿಯೂರಿನ ಹುಡುಗರು ಅವನಿಗೆ ಬೀಳ್ಕೊಡುಗೆಯೆಂದು ಹೊಸದುರ್ಗದ ತಂಡದ ಮೇಲೆ ಒಂದು ಪಂದ್ಯ ಇಟ್ಟರು. ಅವತ್ತು ಗೋವಿಂದಪ್ಪ ಯಾರನ್ನೂ ಕೇಳದೆ ಮೈಕು ಹಿಡಿದು, ಅತಿ ಹೆಚ್ಚು ಚೆಂಡು ಹಾಕಿದವರಿಗೆ ಒಂದು ಟಗರು ಬಹುಮಾನ ಎಂದು ಸಾರಿಬಿಟ್ಟ. ಟಗರು ಮಲ್ಲಕ್ಕನದು. ತಾಯಿಯಿಲ್ಲದ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು.

"ನಿನ್ ಟಗರು ಎಲ್ಲಿಗೂ ಹೋಗಲ್ಲ ಕಣಮ್ಮ" ಎಂದು ಗೋವಿಂದಪ್ಪ ಅವಳಿಗೆ ಸಮಾಧಾನ ಹೇಳಿದ. "ಸಂಬ್ಳ ತಗಂಡು ಆಡ್ದೋನು ನಮ್ಮ ಹುಡುಗ. ಅವ್ನಿಗಿಂತ ಜಾಸ್ತಿ ಯಾರು ಹಾಕ್ತಾರೆ? ಸಂಜಿಗೆ ಮನೀಗೇ ಬರ್ತೈತೆ."

ಮಲ್ಲಕ್ಕ ಮಗನನ್ನು ನೋಡಿದಳು. "ಒಂದಾದ್ರೂ ನನ್ ಕಣ್ಮುಂದೆ ಹಾಕಪ್ಪ."

ಬೀರೇಶ್ ಬಗ್ಗಿ ಬೂಟಿನ ದಾರ ಬಿಗಿದ. ಅವನು ಚೆಂಡು ಹಾಕುವವನಲ್ಲ ಎಂಬುದನ್ನು ಇಷ್ಟು ವರ್ಷ ಯಾರೂ ಆ ಮನೆಗೆ ತಿಳಿಸಿರಲಿಲ್ಲ, ಅವನೂ ಸೇರಿ.

ಪಾಪ, ಪ್ರಯತ್ನವನ್ನೇನೋ ಮಾಡಿದ. ಮೊದಲು ಎಸೆದದ್ದು ಬುಟ್ಟಿಯ ಹಿಂದಿನ ಹಲಗೆಗೆ ಬಡಿದು ವಾಪಸು ಬಂತು. ಎರಡನೆಯದು ಹಲಗೆಯನ್ನೂ ಮುಟ್ಟದೆ ಸೀದಾ ಮೈದಾನದಂಚಿಗೆ ಕಟ್ಟಿದ್ದ ಟಗರಿನ ಬಳಿ ಹೋಯಿತು. ಟಗರು ಅದನ್ನು ಗುದ್ದಿ ವಾಪಸು ಕಳಿಸಿತು. ಜನ ಸೀಟಿ ಹೊಡೆದರು. ಆಮೇಲೆ ಬೀರೇಶ್ ಮರ್ಯಾದೆಯಿಂದ ತನ್ನ ಕಸುಬಿಗೆ ಮರಳಿದ. ಹಿರಿಯೂರು ತಂಡದಲ್ಲೇ ಇದ್ದ ಬಬ್ಬೂರಿನ ಸುದೀಪ್ ಎಂಬ ಉದ್ದನೆಯ ಹುಡುಗ ಎಲ್ಲಿ ನಿಂತರೂ ಚೆಂಡು ಅವನ ಕೈಯಲ್ಲಿರುತ್ತಿತ್ತು, ಅವನು ಹಾಕುತ್ತಲೇ ಹೋದ.

ಮಲ್ಲಕ್ಕ ಪಕ್ಕದಲ್ಲಿದ್ದ ಹಿರಿಸೊಸೆ ದೇವಿಕಾಳನ್ನು ಕೇಳಿದಳು. "ಆ ಉದ್ದನೆಯವ್ನಿಗೆ ಚೆಂಡು ಎಲ್ಲಿಂದ ಬರ್ತೈತೆ?"

"ನಿಮ್ ಮಗನೇ ಕೊಡ್ತಾರಲ್ಲ ಅತ್ತೆ."

ಅಲ್ಲಿಂದ ಮುಂದೆ ಮಲ್ಲಕ್ಕ ಚೆಂಡನ್ನು ನೋಡುವುದು ಬಿಟ್ಟು ಮಗನನ್ನೇ ನೋಡುತ್ತ ಕೂತಳು.

ಕೊನೆಯ ಗಳಿಗೆ. ಹಿರಿಯೂರು ಒಂದು ಅಂಕ ಹಿಂದೆ. ಚೆಂಡು ಬೀರೇಶನ ಕೈಯಲ್ಲಿ, ಬುಟ್ಟಿ ಎದುರಿಗೆ, ನಡುವೆ ಒಬ್ಬನೇ. "ಹಾಕು, ಹಾಕು" ಎಂದು ಮೈದಾನವೆಲ್ಲ ಕೂಗಿತು. ಟಗರು ಆಗಲೇ ಸುದೀಪನದಾಗಿತ್ತು, ಆದರೆ ಅವ್ವ ಕೇಳಿದ ಆ ಒಂದು ಬಾಕಿಯಿತ್ತು. ಬೀರೇಶ್ ಎಗರಿದ. ಎದುರಿನವನೂ ಎಗರಿದ. ಬಲಗಡೆ ಸುದೀಪ್ ಒಂಟಿಯಾಗಿರುವುದು ಬೀರೇಶನಿಗೆ ಕಂಡಿತು. ಕಂಡ ಮೇಲೆ ಮುಗಿಯಿತು. "ಟುರ್ರ್" ಎಂದ, ಕೊಟ್ಟ. ಸುದೀಪ್ ಹಾಕಿದ, ಹಿರಿಯೂರು ಗೆದ್ದಿತು. ಗೋವಿಂದಪ್ಪ ಮೈಕನ್ನು ಮೆಲ್ಲಗೆ ಕೆಳಗಿಟ್ಟ.

ಸುದೀಪ್ ಹಗ್ಗ ಹಿಡಿದು ಎಳೆದರೆ ಟಗರು ನಾಲ್ಕೂ ಕಾಲೂರಿ ನಿಂತಿತು. ಮೂವರು ಸೇರಿ ಎಳೆದರೂ ಜಗ್ಗಲಿಲ್ಲ. ಕೊನೆಗೆ ಬೀರೇಶನೇ ಹೋಗಿ ಅದರ ಹಿಂದೆ ನಿಂತು ಮೆತ್ತಗೆ ಸದ್ದು ಮಾಡಿದ. ಅದು ಸಾಕಿದ ಮನೆಯ ಮಾತು ಕೇಳಿ ತಾನಾಗಿ ಇಳಿಜಾರಾಗಿ ಇಟ್ಟ ಹಲಗೆ ಹತ್ತಿ, ಬಬ್ಬೂರಿಗೆ ಹೊರಟಿದ್ದ ಲಗೇಜ್ ಆಟೋದೊಳಗೆ ಹೋಯಿತು. ಬೀರೇಶ್ ಹಿಂದಿನ ಬಾಗಿಲು ಎತ್ತಿ ಚಿಲಕ ಹಾಕಿದ. ಮಲ್ಲಕ್ಕ ಅದನ್ನೂ ನೋಡಿದಳು.

ಸಂಜೆ ಎಲ್ಲರೂ ಊಟಕ್ಕೆ ಕೂತರು. ಮಂಡಿ ನೋವಿಗೆ ಕುಂಟುತ್ತ ಬೀರೇಶ್ ಗೋಡೆಯ ಕಡೆ ಕೂತ. ಬೈಗುಳಕ್ಕೆ ಕಾಯುತ್ತಿದ್ದ. ಮಲ್ಲಕ್ಕ ಹೊಗೆಯಾಡುವ ಮೊದಲ ಮುದ್ದೆಯನ್ನು ಅವನ ತಟ್ಟೆಗೆ ಹಾಕಿದಳು.

ದುರುಗೇಶ್ ತಲೆಯೆತ್ತಿದ. "ಅವ್ವ, ರೊಪ್ಪದ ಬಾಗ್ಲು ಹಾಕಿ ಬಂದಿದ್ದು ನಾನು."

"ನಿನ್ವು ಕುರಿ ಕಣಪ್ಪ, ಹೇಳಿದ್ ಮಾತು ಕೇಳ್ತವೆ. ಇವನ್ದು ಕೋಣದಂಥ ಗಂಡಸ್ರ ಮಂದೆ. ಅಷ್ಟೂ ಜನ್ರನ್ನ ಸೇರಿಸಿ, ಕೊನೀಗೆ ನನ್ ಟಗರನ್ನೂ ಯಾರ್ದೋ ರೊಪ್ಪಕ್ಕೆ ಸೇರಿಸಿ, ಬಾಗ್ಲು ಹಾಕಿ ಬಂದವ್ನೆ. ಇವತ್ತಿನ ದುಡಿಮೆ ಇವನ್ದು."

ಬೀರೇಶನಿಗೆ ಎಷ್ಟು ಸಂತೋಷವಾಯಿತೆಂದರೆ ಏನು ಮಾಡಬೇಕೆಂದೇ ತೋಚಲಿಲ್ಲ. ತೋಚದಾಗ ಕೈ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿತು. ಮುದ್ದೆಯ ತಟ್ಟೆಯನ್ನು ಮೆಲ್ಲಗೆ ಅಣ್ಣನ ಕಡೆಗೆ ತಳ್ಳತೊಡಗಿತು.

ಮಲ್ಲಕ್ಕ ಸೌಟಿನಿಂದ ಅವನ ಬೆರಳ ಮೇಲೆ ಒಂದು ಕೊಟ್ಟಳು.

"ಇದೊಂದನ್ನ ನೀನೇ ಉಣ್ಣು."