ಕಪಾಟಿನ ಹಿಂದಿನ ಗೋಡೆ

ಉಮಾವತಿಯ ಹತ್ತಿರ ಮೀನು ಕೊಳ್ಳುವವರು ಚೌಕಾಸಿ ಮಾಡುವುದುಂಟು, ಆದರೆ ತಾಜಾ ಹೌದೋ ಅಲ್ಲವೋ ಎಂದು ಕೇಳುವುದಿಲ್ಲ. ಕೇಳುವ ಮೊದಲೇ ಅವಳು ಕಿವಿರು ಎತ್ತಿ ತೋರಿಸಿಬಿಡುತ್ತಾಳೆ. ಕೆಂಪಗಿದ್ದರೆ ಮಾತಿಲ್ಲ. ಮಾಸಿದ್ದರೆ, "ಇದ್ ನಿನ್ನಿದ್. ಹುರುಕೆ ಅಡ್ಡಿಲ್ಲೆ, ಸಾರಿಗ್ ಬ್ಯಾಡ" ಎಂದು ತಾನೇ ಹೇಳುತ್ತಾಳೆ. ಪಕ್ಕದಲ್ಲಿ ಕೂರುವ ರತ್ನ, ಇವಳಿಗೆ ವ್ಯಾಪಾರವೇ ಗೊತ್ತಿಲ್ಲ ಎಂದು ನಗುತ್ತಾಳೆ. ಇಪ್ಪತ್ತೆರಡು ವರ್ಷ ಮರವಂತೆಯಿಂದ ಬುಟ್ಟಿ ಹೇರಿಕೊಂಡು ಬಂದು, ಕುಂದಾಪುರದ ರಸ್ತೆ ಬದಿಯಲ್ಲಿ ಬಿಸಿಲು ಮಳೆ ಎನ್ನದೆ ಕೂತವಳು ಉಮಾವತಿ.

ಈಗ ಅವಳಿಗೆ ಸೂರು ಸಿಗುವ ಕಾಲ ಬಂದಿತ್ತು. ಹೊಸ ಮೀನು ಮಾರುಕಟ್ಟೆಯಲ್ಲಿ ನಲ್ಲಿ, ಕಟ್ಟೆ, ತಲೆ ಮೇಲೆ ಮಾಡು ಇರುವ ಒಂದು ಜಾಗ ಚೀಟಿ ಎತ್ತಿದಾಗ ಅವಳ ಹೆಸರಿಗೆ ಬಿದ್ದಿತ್ತು. ಶನಿವಾರದೊಳಗೆ ಹಣ ಕಟ್ಟದಿದ್ದರೆ ಅದು ಮುಂದಿನವರ ಪಾಲು. ಕಡಲ ಬದಿಯ ಅವಳ ಮನೆಯ ಮೇಲೆ ಸಾಲ ಕೊಡಲು ಬ್ಯಾಂಕಿನವರು ಒಪ್ಪಿದ್ದರು. ಆದರೆ ಮೊದಲು ಮನೆಗೆ ಬೆಲೆ ಕಟ್ಟುವ ಇಂಜಿನಿಯರ್ ಬಂದು ನೋಡಿ ವರದಿ ಕೊಡಬೇಕು. ಅವನು ಬರುವುದು ಗುರುವಾರ. ಅವಳ ಗಂಡ, ಗುಡ್ಡ, ಮಲ್ಪೆಯ ಬೋಟಿನಲ್ಲಿ ಆಳಕಡಲಿಗೆ ಹೋಗಿ ಆರು ದಿನವಾಗಿತ್ತು, ಫೋನೂ ತಾಗುತ್ತಿರಲಿಲ್ಲ.

ಹಾಗಾಗಿ ಯಡ್ತರೆಯಿಂದ ತಮ್ಮ ಯತೀಶ ಬಂದ. ನಾಲ್ಕು ಸೈಟು ಮಾರಿಸಿಕೊಟ್ಟ ಮೇಲೆ ಅವನಿಗೆ ಲೋಕದಲ್ಲಿ ತಿಳಿಯದ್ದು ಯಾವುದೂ ಉಳಿದಿರಲಿಲ್ಲ. ಒಂದು ಮಾತು ಮಾತ್ರ ಒಪ್ಪಬೇಕು, ಅವನು ಅರ್ಧ ಕೆಲಸವನ್ನು ಚೆನ್ನಾಗಿಯೇ ಮಾಡಿದ. ತೆರಿಗೆ ರಸೀದಿ, ಪಹಣಿ, ಕರೆಂಟು ಬಿಲ್ಲು, ನಕ್ಷೆ ಎಲ್ಲವನ್ನೂ ಒಂದೇ ಫೈಲಿನಲ್ಲಿ ಜೋಡಿಸಿದ. ಮೂಲೆ ಮೂಲೆಯ ಮೀನುಬಲೆಯ ರಾಶಿಯನ್ನು ಹೊರಗೆ ಹಾಕಿಸಿದ, ಏಣಿ ತಂದಿಟ್ಟ, ನಾಯಿಯನ್ನು ಪಕ್ಕದ ಮನೆಯಲ್ಲಿ ಕಟ್ಟಿಸಿದ. ಕೊನೆಗೆ ಒಳಕೋಣೆಗೆ ಹೋಗಿ ಗೋಡೆಯ ಹಳೆಯ ಬಿರುಕನ್ನು ನೋಡಿದ.

"ಅಕ್ಕ, ಇಂಜಿನಿಯರ್ ಇದನ್ ಕಂಡ್ರೆ ಮುಗೀತ್. ಕಡ್ಲ್ ಮನಿ ಅಡಿಗೇ ಬಂತ್ ಅಂಬ್ರ್."

ಪುಟ್ಟಿ ಮೆತ್ತಿ, ಬಣ್ಣ ಬಳಿದು, ಎದುರಿಗೆ ಕಪಾಟು ತಳ್ಳಿ ನಿಲ್ಲಿಸಿದ. ಉಮಾವತಿಗೆ ಸರಿ ಕಾಣಲಿಲ್ಲ. ಆದರೆ ಆಸೆ ಅವಳ ಬಾಯಿ ಕಟ್ಟಿತ್ತು.

ಗುರುವಾರ ಹನ್ನೊಂದಕ್ಕೆ ಬ್ರಹ್ಮಾವರದ ಇಂಜಿನಿಯರ್ ಸುಶಾಂತ್ ಬಂದ. ಫೈಲು ನೋಡಿ ಅವನ ಮುಖ ಅರಳಿತು. "ಎಲ್ಲ ಒಂದೇ ಕಡೆ ಸಿಕ್ಕಿದ್ರೆ ನಮ್ಗೂ ಬೇಗ ಆತ್ತ್, ಅಕ್ಕ" ಎಂದ. ಟೇಪು ಹಿಡಿದು ಜಗಲಿ ಅಳೆದ, ಅಡುಗೆಮನೆ ಅಳೆದ, ಏಣಿ ಹತ್ತಿ ಮಾಡು ನೋಡಿದ. ಅರ್ಧ ಗಂಟೆಯಲ್ಲಿ ಮುಕ್ಕಾಲು ಕೆಲಸ ಮುಗಿದೇ ಹೋಯಿತು. ಆಮೇಲೆ ಒಳಕೋಣೆಗೆ ಕಾಲಿಟ್ಟ. ಉಮಾವತಿ ಹಿಂದೆಯೇ ಹೋದಳು.

ಅವನು ಆ ಗೋಡೆಯನ್ನೇ ನೋಡುತ್ತ ನಿಂತ. ಹೊಟ್ಟೆಯ ಮೇಲೆ ಮಾತ್ರ ಐಸು ಸುರಿದ ಅಂಜಲ್ ಮೀನನ್ನು ಅವಳು ನೋಡುವುದೂ ಹೀಗೆಯೇ.

"ಇಡೀ ಮನೆಯಲ್ಲಿ ಈ ಒಂದೇ ಗ್ವಾಡಿಗ್ ಬಣ್ಣ ಎಂತಕ್ಕೆ?"

"ಥಂಡಿ ಹಿಡಿದಿತ್ತ್ ಸಾರ್" ಎಂದ ಯತೀಶ.

"ಕಪಾಟ್ ಸರ್ಸುಕಾತ್ತಾ?"

"ತುಂಬ ಭಾರ ಸಾರ್. ಸಾಮಾನೆಲ್ಲ ಇತ್ತ್."

ಸುಶಾಂತ್ ಪೆನ್ನು ತೆಗೆದ. "ಅಡ್ಡಿಲ್ಲೆ. ಈ ಗ್ವಾಡಿ ಪರಿಶೀಲಿಸುಕೆ ಆಯ್ಲಿಲ್ಲ ಅಂದೇಳಿ ಬರಿತೆ. ಬ್ಯಾಂಕಿನವ್ರ್ ಇನ್ನೊಬ್ರನ್ನ ಕಳ್ಸ್ತ್ರ್. ಒಂದ್ ಹದಿನೈದ್ ದಿನ ಆತ್ತ್ ಅಷ್ಟೆ."

ಹದಿನೈದು ದಿನ. ಶನಿವಾರಕ್ಕೆ ಇದ್ದದ್ದು ಎರಡೇ ದಿನ. ಬಿರುಕು ತೋರಿಸಿದರೂ ಕೆಟ್ಟಿತು, ಮುಚ್ಚಿದರೂ ಕೆಟ್ಟಿತು ಎಂದು ಕಂಡಿತು ಉಮಾವತಿಗೆ. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೇ ಹೇಸಿಗೆಯಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಪಾಟಿಗೆ ಹೆಗಲು ಕೊಟ್ಟು ಒಬ್ಬಳೇ ನೂಕಿದಳು. ಯತೀಶ "ಅಕ್ಕ, ಎಂತ ಮಾಡ್ತೆ?" ಎನ್ನುವಷ್ಟರಲ್ಲಿ ಅದು ಅರ್ಧ ಸರಿದಿತ್ತು.

"ಒಳ್ಗೆ ಬಿರುಕಿತ್ತ್ ಸಾರ್. ನಾವೇ ಮುಚ್ಚಿದ್. ಕಡ್ಲಿಂದ ಆದ್ದಲ್ಲ. ಕಡ್ಲ್ ತಡೆಗೋಡಿಗೆ ಬಂಡೆ ಹೇರ್ಕಂಡ್ ಟಿಪ್ಪರ್ ನಾಲ್ಕ್ ತಿಂಗ್ಳ್ ಈ ದಾರ್ಯಂಗೇ ಹೋಯ್ತ್. ಆಗ ಬಿಟ್ಟದ್."

"ಆಗಿಂದ ಈಚಿಗೆ ಬೆಳಿಲಿಲ್ಲ ಅಂದೇಳಿ ಹ್ಯಾಂಗ್ ನಂಬುದ್?" ಎಂದ ಸುಶಾಂತ್. ದನಿಯಲ್ಲಿ ಸಿಟ್ಟಿರಲಿಲ್ಲ. ಪೆನ್ನು ಮಾತ್ರ ಇನ್ನೂ ಕಾಗದದ ಮೇಲೆಯೇ ಇತ್ತು.

ಆಗ ಅವಳಿಗೆ ನೆನಪಾಯಿತು. ಗುಡ್ಡ ಪ್ರತಿ ವರ್ಷ, ಮಳೆಗಾಲದ ರಜೆ ಮುಗಿದು ಬೋಟು ನೀರಿಗಿಳಿಯುವ ಮುನ್ನಾದಿನ, ಬಿರುಕಿನ ತುದಿಯಲ್ಲಿ ಮೊಳೆಯಿಂದ ಗೀರು ಎಳೆದು ಇಸವಿ ಕೆತ್ತುತ್ತಿದ್ದ. ತಾನಿಲ್ಲದಾಗ ಮನೆ ಬಿದ್ದೀತೆಂಬ ಭಯ ಅವನಿಗೆ. ಆ ಗೀರುಗಳೂ ಈಗ ಪುಟ್ಟಿಯಡಿ ಹೋಗಿದ್ದವು. ಉಪಕಾರ ಮಾಡಲು ಬಂದ ತಮ್ಮ ಸಾಕ್ಷಿಯನ್ನೇ ಮೆತ್ತಿಬಿಟ್ಟಿದ್ದ.

"ನಮ್ಮವ್ರ್ ವರ್ಷ ವರ್ಷ ಎಳ್ದ ಗೀರ್ ಅಡಿಗಿತ್ತ್ ಸಾರ್" ಎನ್ನುತ್ತ ಅಡುಗೆಮನೆಗೆ ಓಡಿ ಮೀನಿನ ಚೂರಿ ತಂದಳು. ಬಂಗುಡೆಯ ಹೊಟ್ಟೆ ಸೀಳುವ ಹದದಲ್ಲಿ, ಗಾರೆಗೆ ತಾಗದಂತೆ ಮೇಲಿನ ಪುಟ್ಟಿಯನ್ನಷ್ಟೇ ಹೆರೆದಳು. ಮೊದಲು ಬರೀ ಬಿಳಿ ಹುಡಿ ಉದುರಿತು. ಇನ್ನಷ್ಟು ಕೆಳಗೆ ಹೆರೆದಳು, ಏನೂ ಇಲ್ಲ. ಯತೀಶ ಕಿಟಕಿಯ ಕಡೆ ಮುಖ ತಿರುಗಿಸಿದ. ಬೆವರು ಕಣ್ಣಿಗಿಳಿಯಿತು. ಚೂರಿಯ ತುದಿ ಸಣ್ಣ ಕುಳಿಯೊಂದಕ್ಕೆ ಸಿಕ್ಕಿತು. ಬೂದು ಗಾರೆಯಲ್ಲಿ ಬಿಳಿಯಾಗಿ ಒಂದು ಗೀರು, ಪಕ್ಕದಲ್ಲಿ 2021. ಅದರ ಮೇಲೆಯೇ ಮತ್ತೆ ಮೂರು ಎಳೆತ. ಕೆಳಗೆ ಸಾಲಾಗಿ 22, 23, 24. ನಾಲ್ಕು ಇಸವಿ, ಎಲ್ಲಕ್ಕೂ ಒಂದೇ ಜಾಗದ ಗೀರು.

ಸುಶಾಂತ್ ಬಗ್ಗಿ ಸ್ಕೇಲು ಇಟ್ಟು ನೋಡಿದ. ಬಿರುಕು ಆ ಗೀರನ್ನು ದಾಟಿರಲಿಲ್ಲ. ಮೂರು ಫೋಟೋ ತೆಗೆದ.

"ಇದನ್ನ್ ಮೊದ್ಲೇ ತೋರ್ಸಿದ್ರೆ ಹತ್ತ್ ನಿಮಿಷದ ಕೆಲ್ಸ, ಅಕ್ಕ. ಬೆಲೆ ಚೂರ್ ಕಮ್ಮಿ ಬರಿತೆ, ಬಿರುಕು ಬಿರುಕೇ. ನೀವ್ ಕೇಂಡಷ್ಟ್ ಸಾಲಕ್ಕೆ ಅದ್ ಸಾಕಾತ್ತ್. ರಿಪೋರ್ಟ್ ಇವತ್ತೇ ಕಳ್ಸ್ತೆ."

ಉಮಾವತಿಗೆ ಅಳು ಬಂತು, ತಡೆದುಕೊಳ್ಳಲಿಲ್ಲ.

ಹೊರಡುವಾಗ ಅವನು ಹಿಂತಿರುಗಿ ಕೇಳಿದ, "ಈ ವರ್ಷದ್ ಗೀರ್ ಇಲ್ಲೆ ಅಲ್ದಾ?"

"ಅವ್ರ್ ಬೋಟಿಗ್ ಹ್ವಾಪತಿಗೆ ಗಡಿಬಿಡಿ ಆಯ್ತ್" ಎಂದಳು ಉಮಾವತಿ. ಚೂರಿ ಇನ್ನೂ ಕೈಯಲ್ಲೇ ಇತ್ತು. ಗಂಡ ಎಳೆದ ಗೀರಿನ ಮೇಲೆಯೇ ತುದಿಯೂರಿ ಇನ್ನೊಮ್ಮೆ ಎಳೆದಳು. 24ರ ಕೆಳಗೆ 25 ಎಂದು ಕೆತ್ತಿದಳು.

"ಕಪಾಟ್ ಹಿಂದೆ ದೂಡ್ಕಾ ಅಕ್ಕ?" ಎಂದು ಯತೀಶ ಮೆಲ್ಲಗೆ ಕೇಳಿದ.

"ಬ್ಯಾಡ" ಎಂದಳು ಅವಳು. "ಬಂದವ್ರಿಗೆ ಕಾಣ್ಲಿ."