ಫ್ಲೆಕ್ಸ್ ಮೇಲಿನ ಕೂಲಿ ಹುಡುಗಿ

ಮೊನ್ನೆ ಬೆಳಿಗ್ಗೆ ಕುರುಗೋಡಿಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ನನ್ನದೇ ಮುಖ. ಅದೂ ನಮ್ಮ ಸೆಂಟರಿನ ಗೇಟಿಗೆ ಕಟ್ಟಿದ ದೊಡ್ಡ ಫ್ಲೆಕ್ಸ್ ಮೇಲೆ, ಕೈ ಮುಗಿದುಕೊಂಡು! (ಅಷ್ಟು ವಿನಯದಿಂದ ನಾನು ಯಾವಾಗ ಯಾರಿಗೆ ಕೈ ಮುಗಿದಿದ್ದೆನೋ, ದೇವರಿಗೇ ಗೊತ್ತು.)

ನನ್ನ ಪಕ್ಕದಲ್ಲಿ ಅಂದಿನ ಮುಖ್ಯ ಅತಿಥಿ ಮರಿಯಾ. ಸುತ್ತ ನಮ್ಮ ಸಂಸ್ಥೆಯ ಕಮಿಟಿಯವರು, ಸಾಲಾಗಿ, ಪಾಸ್‌ಪೋರ್ಟ್ ಸೈಜಿನಲ್ಲಿ. ನಟ್ಟನಡುವೆ ಒಬ್ಬ ಹುಡುಗಿ. ಕೆದರಿದ ಕೂದಲು, ಕೆಸರು ಕಾಲು, ತಲೆ ಮೇಲೆ ಭತ್ತದ ಸಸಿಯ ಹೊರೆ. 'ನಮ್ಮ ಸಂಸ್ಥೆಯಿಂದ ಉದ್ಧಾರವಾದ ಕೂಲಿ ಹುಡುಗಿ' ಅಂತ ಅದರ ಕೆಳಗೆ ದಪ್ಪ ಅಕ್ಷರ.

ಆ ಹುಡುಗಿ ನಾಗವೇಣಿ. ಆಂಧ್ರದ ಕಡೆಯಿಂದ ನಾಟಿ ಕೆಲಸಕ್ಕೆ ಸಿರುಗುಪ್ಪಕ್ಕೆ ಬಂದು ಅಲ್ಲೇ ಉಳಿದ ಮನೆಯವಳು. ಬಳ್ಳಾರಿಯ ಕಾಲೇಜಿನಲ್ಲಿ ನನ್ನ ಹತ್ತಿರವೇ ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯೂ ಓದಿದಳು. ರಜೆಯಲ್ಲಿ ಅಮ್ಮನ ಜೊತೆ ಗದ್ದೆಗೆ ಹೋದಾಗಿನ ಫೋಟೋ ಅದು. ಕನ್ನಡ, ತೆಲುಗು ಎರಡೂ ಅವಳಿಗೆ ನೀರು ಕುಡಿದಷ್ಟು ಸಲೀಸು. ಜಗಳ ಬಿಡಿಸೋದರಲ್ಲಂತೂ ಎತ್ತಿದ ಕೈ. ಗಡಿ ದಾಟಿ ದುಡಿಯಲು ಬಂದವರ ನಡುವೆ ಕೆಲಸ ಮಾಡೋ ಸಂಸ್ಥೆಗೆ ಇನ್ನೇನು ಬೇಕು? ಕುರುಗೋಡಿನ ಸೆಂಟರಿಗೆ ಇನ್ನು ಅವಳೇ ಮುಖ್ಯಸ್ಥೆ ಅಂತ ತೀರ್ಮಾನಿಸಿದ್ದೆವು. ಅವತ್ತಿನ ಸಮಾರಂಭದಲ್ಲೇ ಚಾರ್ಜ್ ತಗೊಳ್ಳಬೇಕಿತ್ತು.

ಮರಿಯಾ ಯಾರು ಅಂದಿರಾ? ಅಮೆರಿಕದಲ್ಲಿ ಸೋಷಿಯಲ್ ವರ್ಕ್ ಪ್ರೊಫೆಸರ್. ಮೆಕ್ಸಿಕೊದಿಂದ ಅಲ್ಲಿಗೆ ಟೊಮೆಟೊ ಕೀಳಲು ಬಂದ ಕೂಲಿಯವರ ಮಗಳು. ಸ್ಪ್ಯಾನಿಷ್ ಮಾತಾಡುವ ಅಂಥದೇ ಜನರಿಗಾಗಿ ದೊಡ್ಡ ಸಂಸ್ಥೆ ನಡೆಸಿದವರು. ಒಂದು ಕಾನ್ಫರೆನ್ಸಿನಲ್ಲಿ ಪರಿಚಯವಾಗಿ, ಸ್ನೇಹವಾಗಿತ್ತು.

ಸರಿ, ನಾಗವೇಣಿ ಬಸ್ಸಿಳಿದು ಬಂದಳು. ಹೊಸ ಸೀರೆ, ನಗುಮುಖ. ಫ್ಲೆಕ್ಸ್ ನೋಡಿದಳು. ಅಲ್ಲೇ ನಿಂತುಬಿಟ್ಟಳು.

ಸೆಂಟರಿಗೆ ಬರುವ ಹೆಂಗಸರು, ಹೆಚ್ಚಿನವರು ಜೀನ್ಸ್ ಹೊಲಿಯುವವರು, ಆಗಲೇ ಗೇಟಿನ ಹತ್ತಿರ ಸೇರಿದ್ದರು. ಒಬ್ಬಾಕೆ ಫ್ಲೆಕ್ಸನ್ನೂ ಇವಳನ್ನೂ ನೋಡಿ ಲೊಚಗುಟ್ಟಿದಳು. "ಅಯ್ಯ ಪಾಪ, ಈಕಿನಾ? ಇವ್ರ ಕೈಲೆ ಉದ್ಧಾರ ಆದಾಕಿ ನಮಗೇನ್ ದಾರಿ ತೋರಸ್ತಾಳ ಬಿಡವ್ವ!"

ಎಲ್ಲರಿಗೂ ಕೇಳಿಸಿತು. ನಾಗವೇಣಿಗೂ.

"ಇದು ಇಳಿಯೋತನಕ ನಾ ಒಳಗ ಬರಂಗಿಲ್ರಿ ಮೇಡಂ" ಅಂದಳು.

ಫ್ಲೆಕ್ಸ್ ಮಾಡಿಸಿದ್ದು ನಮ್ಮ ಸಂಯೋಜಕ ವೀರೇಶ. ಅವನಿಗೆ ದಿಗಿಲಾಯಿತು. "ಒಳ್ಳೇದ ಬರದೀವಲ್ರಿ ಮೇಡಂ, ಬೈದೀವೇನ್ರಿ?" ಕಮಿಟಿಯ ಹಿರಿಯರೊಬ್ಬರು ಅವನ ಬೆನ್ನಿಗೆ ನಿಂತರು. "ಇವತ್ತೊಂದಿನ ಇರ್ಲಿ ಬಿಡವ್ವ. ಫಾರಿನ್ ಗೆಸ್ಟ್ ಬರಾಕತ್ತಾರ, ಚಲೋ ಕಾಣ್ತೈತಿ."

ಯಾರಿಗೆ ಸ್ವಾಮಿ ಚಲೋ ಕಾಣೋದು? ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಕ್ಷೇತ್ರದ ದೊಡ್ಡ ರೋಗವೇ ಇದು. ವಾರ್ಷಿಕೋತ್ಸವ ಬಂತೆಂದರೆ ಒಬ್ಬ ಬಡವಿ ಬೇಕು. ಅವಳನ್ನು ವೇದಿಕೆಗೆ ಹತ್ತಿಸಬೇಕು, ಕಷ್ಟ ಹೇಳಿಸಬೇಕು, ಅಳಿಸಬೇಕು, ಆಮೇಲೆ ಶಾಲು ಹೊದಿಸಬೇಕು. ಅವಳು ಅತ್ತಷ್ಟೂ ಪ್ರೋಗ್ರಾಂ ಸಕ್ಸಸ್! (ಕ್ಲಾಸಿನಲ್ಲಿ ಮಾತ್ರ 'ವ್ಯಕ್ತಿಯ ಘನತೆ' ಅಂತ ಪಾಠ ಮಾಡ್ತೀವಿ. ಪರೀಕ್ಷೆಯಲ್ಲೂ ಕೇಳ್ತೀವಿ.) ನಿಮ್ಮ ಮನೆ ಮಗಳ ಫೋಟೋ ಹೀಗೆ ಬೀದಿಗೆ ಕಟ್ಟಿದ್ದರೆ ಸುಮ್ಮನಿರುತ್ತಿದ್ದಿರಾ?

ಅಷ್ಟರಲ್ಲಿ ಮರಿಯಾ ಕಾರಿಳಿದರು. ಎಲ್ಲರೂ ಹೊರಗೇ ನಿಂತದ್ದು ಕಂಡು, ಏನಾಯಿತು ಅಂತ ಕೇಳಿದರು. ಫ್ಲೆಕ್ಸ್ ಮೇಲಿದ್ದದ್ದನ್ನು ಒಂದಕ್ಷರ ಬಿಡದೆ ಹೇಳಿದೆ.

"ನಾನೂ ಎಷ್ಟೋ ವೇದಿಕೆಗಳಲ್ಲಿ ಅಮ್ಮನ ಟೊಮೆಟೊ ಬುಟ್ಟಿಯ ಕಥೆ ಹೇಳಿದ್ದೇನೆ" ಅಂದರು ಅವರು. "ದಾನಿಗಳು ಕಣ್ಣೊರೆಸಿಕೊಳ್ಳೋರು. ಕೊನೆಗೊಮ್ಮೆ ನಿರ್ದೇಶಕಿಯ ಕುರ್ಚಿ ಕೇಳಿದಾಗ, ನಿನ್ನ ಕೈಲಿ ಇಷ್ಟೆಲ್ಲ ನಿಭಾಯಿಸೋಕಾಗುತ್ತಾ ಅಂತ ಕೇಳಿದ್ದೂ ಅದೇ ಜನ."

ನಾನು ಅದನ್ನು ಬೇಕಂತಲೇ ಜೋರಾಗಿ ಕನ್ನಡದಲ್ಲಿ ಹೇಳಿದೆ. ಹಿರಿಯರು ಮೊಬೈಲ್ ತೆಗೆದು ನೋಡತೊಡಗಿದರು.

"ವೀರೇಶ, ಏಣಿ ತಗೊಂಬಾ" ಅಂದೆ.

ತಂದ, ಹತ್ತಿದ. ಹಗ್ಗ ಬಿಚ್ಚುತ್ತಾ ಮೇಲಿಂದಲೇ ಗೊಣಗಿದ. "ನಿನ್ ಮ್ಯಾಲಿನ ಅಭಿಮಾನಕ್ಕ ಹಾಕ್ಸಿದ್ನವ್ವ ನಾಗವೇಣಿ. ನೋಡು, ಎಲ್ಲಾರಕಿಂತ ದೊಡ್ಡ ಫೋಟೋ ನಿಂದ ಐತಿ."

ನಾಗವೇಣಿ ತಲೆಯೆತ್ತಿ ಕೇಳಿದಳು: "ಎಲ್ಲಾರ ಹೆಸರು ಹಾಕ್ಸೀರಿ, ಹುದ್ದೆನೂ ಹಾಕ್ಸೀರಿ. ನನ್ ಹೆಸರು ಎಲ್ಲೈತ್ರಿ ಸರ?"